ದೇವರಾಯಸಮುದ್ರದ ಏರಿಯ ಮೇಲೆ: ಹಕ್ಕಿ, ಹಾವು ಮತ್ತು ಕ್ಯಾಮೆರಾ

ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು ಹತ್ತಿದವರು ಮೊದಲು ಹೋಗುವುದು ರಂಗನತಿಟ್ಟಿಗೆ, ಆಮೇಲೆ ಕೊಕ್ಕರೆಬೆಳ್ಳೂರಿಗೆ. ಕೋಲಾರ ಎಂದರೆ ಚಿನ್ನದ ಗಣಿ, ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವು, ಬತ್ತಿದ ಕೊಳವೆಬಾವಿ, ಇಷ್ಟೇ ನೆನಪಿಗೆ ಬರುವುದು. ಹಾಗೆ ನೆನಪಾಗುವುದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ಇದು. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಘ್ನಿ ಎಂದು ಹೆಸರುಗಳೇನೋ ಇವೆ. ಆದರೆ ಅವುಗಳ ಮರಳಿನ ಮೇಲೆ ನೀರು ಕಾಣುವುದು ಮಳೆ ಕೈಹಿಡಿದ ವರ್ಷ ಮಾತ್ರ. ವರ್ಷದ ಮಳೆ 700 ಮಿಲಿಮೀಟರ್ ಚಿಲ್ಲರೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸುರಿದು ಮುಗಿದುಹೋಗುತ್ತದೆ. ಆ ನೀರನ್ನು ಓಡಿಹೋಗಲು ಬಿಡದೆ ಹಿಡಿದಿಡಲು ನಮ್ಮ ಹಿರಿಯರು ಹಳ್ಳಕ್ಕೊಂದು ಏರಿ ಹಾಕಿ, ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಬೀಳುವಂತೆ ಮಾಡಿಟ್ಟರು. ಹೊಳೆಯಿಲ್ಲದ ಈ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನೀರುಹಕ್ಕಿಗಳಿಗೂ ನೀರಹಾವಿಗೂ ಇಲ್ಲಿ ಇರುವ ಜಾಗವೆಲ್ಲ ಮನುಷ್ಯ ಕಟ್ಟಿದ್ದೇ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ದೇವರಾಯಸಮುದ್ರ ಅಂಥದ್ದೊಂದು ಊರು. ಸುತ್ತ ಬಂಡೆಗುಡ್ಡಗಳು, ನಡುವೆ ಹೊಲ, ಕೆರೆ. ಮುಳಬಾಗಿಲು ವಿಜಯನಗರದ ಕಾಲದಲ್ಲಿ ಮುಳುವಾಯಿ ರಾಜ್ಯದ ಮುಖ್ಯ ಪಟ್ಟಣ. ಇಮ್ಮಡಿ ದೇವರಾಯನ ಹೆಸರಾಂತ ಅಧಿಕಾರಿ ಲಕ್ಕಣ್ಣ ದಂಡನಾಯಕ ಈ ಸೀಮೆಯನ್ನು ಆಳಿದವನು. ಆ ಕಾಲದವರು ಕೆರೆ ಕಟ್ಟುವುದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಸಾಕ್ಷಿ. ಬುಕ್ಕರಾಯನ ಮಗ ಭಾಸ್ಕರ ಹಾಕಿಸಿದ ಆ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಹೆಸರಿಸಿ ಹೇಳುತ್ತದೆ. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಗಾಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಅದರಲ್ಲಿದೆ. ಗಾಡಿಗಳು ಹೊತ್ತು ತಂದ ಅಂಥ ಕಲ್ಲಿನ ವಿಚಾರಕ್ಕೆ ಮತ್ತೆ ಬರುತ್ತೇನೆ. ಕೆರೆಯಲ್ಲಿ ಹಾವು, ಓತಿ ಹುಡುಕುವವರಿಗೆ ಆ ಕಲ್ಲೇ ಮುಖ್ಯ.

ಕೆರೆಗೆ ಹೋದ ಹೊಸಬರು ಸಾಮಾನ್ಯವಾಗಿ ಏರಿಯ ನಡುಮಧ್ಯೆ ನಿಂತು, ಕಂಡ ಕಡೆಗೆಲ್ಲ ಲೆನ್ಸ್ ತಿರುಗಿಸುತ್ತಾರೆ. ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ, ಏಕೆಂದರೆ ಎಲ್ಲವೂ ದೂರ. ಕೆರೆಯ ರಚನೆ ಅರ್ಥವಾದರೆ ಈ ಬೇಸರ ಇರುವುದಿಲ್ಲ. ಏರಿಯ ಬುಡದಲ್ಲಿ, ತೂಬಿನ ಸುತ್ತ ನೀರು ಅತಿ ಆಳ. ಅಲ್ಲಿಂದ ಎದುರು ದಿಕ್ಕಿಗೆ ಕೆರೆಯಂಗಳ ಗೊತ್ತೇ ಆಗದಷ್ಟು ನಿಧಾನವಾಗಿ ಮೇಲೇರಿ, ಕೆಸರಾಗಿ, ಹುಲ್ಲಾಗಿ, ಕೊನೆಗೆ ಹೊಲವೋ ಗೋಮಾಳವೋ ಆಗಿಬಿಡುತ್ತದೆ. ಹಕ್ಕಿಗಳು ಈ ಇಳಿಜಾರಿನ ಮೇಲೆ ತಮ್ಮ ಕಾಲಿನ ಉದ್ದ, ಕೊಕ್ಕಿನ ಉದ್ದ ನೋಡಿಕೊಂಡು ಜಾಗ ಹಂಚಿಕೊಂಡಿರುತ್ತವೆ. ಯಾವ ಹಕ್ಕಿ ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿದರೆ ಕೆರೆಯ ಯಾವ ಭಾಗಕ್ಕೆ ಹೋಗಬೇಕು ಎಂಬುದು ತಾನೇ ತೀರ್ಮಾನವಾಗುತ್ತದೆ. ದುಬಾರಿ ಲೆನ್ಸಿಗಿಂತ ಈ ತಿಳಿವಳಿಕೆ ಹೆಚ್ಚು ಚಿತ್ರ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಲೆನ್ಸ್ ಮಾರುವವರು ಒಪ್ಪಲಿಕ್ಕಿಲ್ಲ.

ಆಳದ ನೀರು ಮುಳುಗುವ ಹಕ್ಕಿಗಳದು. ಗುಳುಮುಳುಕ, ನೀರುಕಾಗೆ, ಹಣೆಯ ಮೇಲೆ ಬಿಳಿ ಪಟ್ಟಿ ಹಚ್ಚಿಕೊಂಡ ನಾಮಗೋಳಿ ಇಲ್ಲಿ ಸಿಗುತ್ತವೆ. ಅದೃಷ್ಟವಿದ್ದರೆ ಹಾವಕ್ಕಿ. ಮೈಯೆಲ್ಲ ನೀರೊಳಗಿಟ್ಟು ಕತ್ತನ್ನು ಮಾತ್ರ ಹೊರಗೆ ಚಾಚಿ ಈಜುವ ಇದನ್ನು ಮೊದಲ ಸಲ ಕಂಡವರು ಹಾವೆಂದೇ ತಿಳಿಯುತ್ತಾರೆ. ಹಾವಕ್ಕಿ ಮೀನನ್ನು ಕೊಕ್ಕಿನಿಂದ ಕಚ್ಚಿ ಹಿಡಿಯುವುದಕ್ಕಿಂತ ಚುಚ್ಚಿ ಹಿಡಿಯುವುದೇ ಹೆಚ್ಚು. ಚುಚ್ಚಿದ ಮೀನನ್ನು ಹಾಗೇ ನುಂಗಲಾಗುವುದಿಲ್ಲವಾದ್ದರಿಂದ ಮೇಲೆ ಬಂದು, ಕೊಡವಿ ಬಿಡಿಸಿ, ಗಾಳಿಗೆ ಚಿಮ್ಮಿಸಿ, ತಲೆ ಮುಂದಾಗಿ ಬೀಳುವಂತೆ ಹಿಡಿದು ನುಂಗುತ್ತದೆ. ಚಿತ್ರಕಾರನಿಗೆ ಬೇಕಾದದ್ದು ಆ ಚಿಮ್ಮಿಸುವ ಗಳಿಗೆ. ಮೀನು ಕೊಕ್ಕಿಗೆ ಸಿಕ್ಕಿದೆ ಎಂದು ಕಂಡೊಡನೆ ಬೆರಳು ಗುಂಡಿಯ ಮೇಲಿರಬೇಕು. ಅದರ ಪುಕ್ಕ ನೀರು ಹೀರಿಕೊಳ್ಳುವುದರಿಂದ ಬೇಟೆ ಮುಗಿಸಿ ಒಣಗಿದ ಜಾಲಿಯ ಕೊಂಬೆಯ ಮೇಲೆ ರೆಕ್ಕೆ ಹರಡಿಕೊಂಡು ಬಹಳ ಹೊತ್ತು ಕೂರುತ್ತದೆ. ಎಲ್ಲರ ಬಳಿಯೂ ಇರುವ ಹಾವಕ್ಕಿ ಚಿತ್ರ ಈ ಎರಡನೆಯದು.

ತೂಬಿನ ಕಲ್ಲುಕಂಬದ ಮೇಲೆ ಕೂರುವ ಕಪ್ಪು-ಬಿಳಿ ಮಿಂಚುಳ್ಳಿಯನ್ನು ಬಿಟ್ಟು ಮುಂದೆ ಹೋಗಬಾರದು. ಬೇರೆ ಮಿಂಚುಳ್ಳಿಗಳು ಕೊಂಬೆಯಿಂದ ನೇರ ನೀರಿಗೆ ಬಿದ್ದರೆ ಇದು ನೀರಿನ ಮೇಲೆ ಗಾಳಿಯಲ್ಲೇ ನಿಂತು ಗುರಿ ಹಿಡಿಯುತ್ತದೆ. ರೆಕ್ಕೆ ಎಷ್ಟೇ ಬಡಿದರೂ ತಲೆ ಒಂದಿಷ್ಟೂ ಕದಲುವುದಿಲ್ಲ. ಹಾರುವ ಹಕ್ಕಿಯ ಚಿತ್ರ ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಬೇರೆ ಸಿಗದು: ಹಕ್ಕಿ ಹಾರಾಟದಲ್ಲಿದೆ, ಆದರೆ ಚೌಕಟ್ಟಿನಿಂದ ಆಚೆ ಓಡುವುದಿಲ್ಲ. ಕಣ್ಣಿನ ಮೇಲೆ ಫೋಕಸ್ ಇಟ್ಟು, ಶಟರ್ ವೇಗವನ್ನು ಸೆಕೆಂಡಿನ 1/2000ಕ್ಕೆ ಏರಿಸಿ ಕಾದರೆ ಸಾಕು.

ಮೊಣಕಾಲುದ್ದದ ನೀರಿಗೆ ಬಂದರೆ ಬೂದು ಬಕ, ಬೆಳ್ಳಕ್ಕಿ, ಬಣ್ಣದ ಕೊಕ್ಕರೆ. ಬಕ ಕಣ್ಣಿನಿಂದ ಬೇಟೆಯಾಡುತ್ತದೆ, ಬಣ್ಣದ ಕೊಕ್ಕರೆ ಸ್ಪರ್ಶದಿಂದ. ಕೊಕ್ಕನ್ನು ಅರ್ಧ ತೆರೆದು ಕಲಕಿದ ನೀರೊಳಗೆ ಅತ್ತಿತ್ತ ಆಡಿಸುತ್ತಾ, ಕಾಲಿನಿಂದ ಕೆಸರು ಕೆದಕುತ್ತಾ ನಡೆಯುತ್ತದೆ. ಮೀನು ತಗುಲಿದೊಡನೆ ಕೊಕ್ಕು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬಕದ ಮುಂದೆ ಕೂತವರು ಅಲ್ಲಾಡದ ಹಕ್ಕಿಯನ್ನು ನೋಡುತ್ತಾ ಕಾಯಬೇಕು, ಕೊಕ್ಕರೆಯ ಮುಂದೆ ಕೂತವರು ತಲೆಯೇ ಕಾಣದ ಹಕ್ಕಿಯನ್ನು ನೋಡುತ್ತಾ ಕಾಯಬೇಕು. ಹೆಜ್ಜಾರ್ಲೆ ಬಂದಿದ್ದರೆ ಕಷ್ಟವೇ ಇಲ್ಲ. ಅಷ್ಟು ದೊಡ್ಡ ಮೈ, ಅಷ್ಟು ನಿಧಾನ, ನೀರಿಗಿಳಿಯುವಾಗ ಎರಡೂ ಪಾದ ಮುಂದೆ ಚಾಚಿ ಜಾರಿಕೊಂಡು ಬರುವ ರೀತಿ, ಯಾರು ತೆಗೆದರೂ ಚಿತ್ರ ಚೆನ್ನಾಗೇ ಬರುತ್ತದೆ.

ನನಗೆ ಹೆಚ್ಚು ಇಷ್ಟವಾದ ಭಾಗ ಇದೂ ಅಲ್ಲ. ನೀರು ಗೇಣಿಗಿಂತ ಕಡಿಮೆಯಾಗಿ ಕೆಸರು ಹೊಳೆಯುವ ಕೆರೆಯಂಗಳದ ಅಂಚು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ಬಂದ ಗೊರವಗಳು, ಉಲ್ಲಂಕಿಗಳು ಇಲ್ಲಿ ಮೇಯುತ್ತವೆ. ನಮ್ಮವೇ ಆದ ಮೆಟ್ಟುಗಾಲು ಹಕ್ಕಿ, ಟಿಟ್ಟಿಭಗಳು ವರ್ಷವಿಡೀ ಇರುತ್ತವೆ. ಅಂತರಗಂಗೆ, ತಾವರೆ ಎಲೆ ಹಬ್ಬಿದ ಕಡೆ ಉದ್ದ ಬಾಲದ ದೇವನಕ್ಕಿ. ನೀಳವಾದ ಬೆರಳುಗಳಿಂದ ಮೈಭಾರ ಹಂಚಿಕೊಂಡು ಎಲೆಯ ಮೇಲೇ ನಡೆಯುವ ಇದರ ಸಂಸಾರ ವಿಚಿತ್ರ. ಮುಂಗಾರಿನಲ್ಲಿ ಹೆಣ್ಣು ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಇನ್ನೊಂದನ್ನು ಹುಡುಕಿ ಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ಮೇಯಿಸುವುದು ಗಂಡಿನ ಕೆಲಸ. ಹಳದಿ ಕತ್ತು, ಕಪ್ಪು ಬಾಲದ ಆ ಉಡುಗೆ ಕಾಣಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಚಳಿಗಾಲದಲ್ಲಿ ಅದೇ ಹಕ್ಕಿ ಮಾಸಲು ಕಂದು, ಆ ಉದ್ದ ಬಾಲವೂ ಇರುವುದಿಲ್ಲ.

ಕೆಸರಿನ ಅಂಚಿನಲ್ಲಿ ಚಿತ್ರ ಹಾಳು ಮಾಡುವುದು ಎರಡು ಸಂಗತಿ. ಒಂದು, ನಿಂತು ತೆಗೆಯುವುದು. ಗೊರವದ ಎತ್ತರ ಒಂದು ಗೇಣು. ಐದೂವರೆ ಅಡಿಯಿಂದ ಕೆಳಗೆ ನೋಡಿದರೆ ಹಿನ್ನೆಲೆಯಲ್ಲಿ ಕೆಸರೇ ಕಾಣುತ್ತದೆ, ಕೆಸರಿನ ಬಣ್ಣದ ಹಕ್ಕಿ ಅದರಲ್ಲಿ ಕರಗುತ್ತದೆ. ಕೂತು, ಸಾಧ್ಯವಾದರೆ ಮಲಗಿ, ಲೆನ್ಸನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ತಂದರೆ ಹಿಂದಿನದೆಲ್ಲ ಮಸುಕಾಗಿ ಹಕ್ಕಿ ಮಾತ್ರ ಎದ್ದು ನಿಲ್ಲುತ್ತದೆ. ಎರಡನೆಯದು ಬಿಸಿಲಝಳ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಸೀಮೆಯಲ್ಲಿ ಬೆಳಗಿನ ಚಳಿ ಹಿತವಾಗಿದ್ದರೂ ಬಿಸಿಲು ಬೇಗ ಚುರುಕಾಗುತ್ತದೆ. ಒಂಬತ್ತು ಗಂಟೆ ದಾಟಿದ ಮೇಲೆ ಒಣನೆಲದ ಮೇಲಿನ ಗಾಳಿ ಕುದಿಯುವಂತೆ ಅಲುಗಾಡುತ್ತದೆ. 600 ಮಿಲಿಮೀಟರ್ ಲೆನ್ಸ್ ಆ ಅಲುಗಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಫೋಕಸ್ ಸರಿಯಿದ್ದೂ ಚಿತ್ರ ಮಂಜಾಗಿ ಬಂದರೆ ಲೆನ್ಸನ್ನು ರಿಪೇರಿಗೆ ಒಯ್ಯುವ ಅಗತ್ಯವಿಲ್ಲ, ಇನ್ನೂ ಬೇಗ ಏಳಬೇಕು.

ಬೆಳಕಿನ ಅಳತೆಯ ಬಗ್ಗೆ ಒಂದೇ ಮಾತು. ಕ್ಯಾಮೆರಾ ಎಲ್ಲವನ್ನೂ ನಡುಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಕಪ್ಪಗಿನ ನೀರಿನಲ್ಲಿ ನಿಂತ ಬೆಳ್ಳಕ್ಕಿಯನ್ನು ಅದರ ಪಾಡಿಗೆ ಬಿಟ್ಟರೆ ಪುಕ್ಕದ ಗೆರೆಗಳೆಲ್ಲ ಸುಟ್ಟು ಬಿಳಿ ಕಾಗದದ ತುಂಡಿನಂತೆ ಬರುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ತಗ್ಗಿಸಬೇಕು. ಹೊಳೆಯುವ ನೀರಿನ ಎದುರು ಕೂತ ನೀರುಕಾಗೆಗೆ ಅಷ್ಟೇ ಏರಿಸಬೇಕು. ಮೊಬೈಲಿನಲ್ಲಿ ತೆಗೆಯುವವರಿಗೂ ಇದೇ ಮಾತು.

ಈಗ ಕಲ್ಲಿನ ವಿಚಾರ. ಏರಿಯ ನೀರಿನ ಬದಿಗೆ ಅಲೆ ಕೊರೆಯದಂತೆ ಒತ್ತಾಗಿ ಜೋಡಿಸಿದ ಕಲ್ಲಿನ ಹಾಸು ಇರುತ್ತದೆ. ಗಾರೆ ಇಲ್ಲದೆ ಜೋಡಿಸಿದ ಹಳೆಯ ಹಾಸಿನಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದುಗಳು. ತಣ್ಣನೆಯ ರಕ್ತದ ಪ್ರಾಣಿಗೆ ಬೇಕಾದ್ದೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತದೆ: ಮೈ ಕಾಯಿಸಲು ಬಿಸಿಲಿಗೆ ಕಾದ ಕಲ್ಲು, ಅಡಗಲು ಸಂದು, ಎರಡು ಮಾರು ಕೆಳಗೆ ಕಪ್ಪೆ, ಮೀನು. ಹಕ್ಕಿಯವರು ಸೂರ್ಯ ಹುಟ್ಟುವ ಮೊದಲೇ ಬಂದು ಒಂಬತ್ತಕ್ಕೆ ಹೊರಡುತ್ತಾರೆ. ಸರೀಸೃಪಗಳ ಕೆಲಸ ಶುರುವಾಗುವುದೇ ಎಂಟರ ಮೇಲೆ. ರಾತ್ರಿಯ ಚಳಿಗೆ ಮೈ ಸೆಟೆದ ಪ್ರಾಣಿ ಬಿಸಿಲಿಗೆ ಬಂದು ಅರ್ಧ ಗಂಟೆ ಕದಲದೆ ಬಿದ್ದುಕೊಂಡಿರುತ್ತದೆ. ಚಿತ್ರ ಆಗಲೇ ಆಗಬೇಕು. ಮೈ ಕಾದ ಮೇಲೆ ಅದು ನಿಮಗೆ ಕಾಯುವುದಿಲ್ಲ. ಏರಿಯ ನೆತ್ತಿಯ ಮೇಲೆ ನಡೆದರೆ ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ, ಹೆಜ್ಜೆಯ ಅದುರು ಕಲ್ಲಿಗೂ ತಲುಪುತ್ತದೆ. ಹೊಲದ ಬದಿಯ ಇಳಿಜಾರಿನಲ್ಲಿ ತಗ್ಗಿ ನಡೆದು, ತಲೆ ಮಾತ್ರ ಎತ್ತಿ ಆಚೆ ನೋಡುವುದು ಒಳ್ಳೆಯದು.

ಇಲ್ಲಿ ಮೊದಲು ಸಿಗುವುದು ನೀರಹಾವು. ಕಂದು-ಹಳದಿ ಮೈಮೇಲೆ ಚದುರಂಗದ ಮನೆಗಳಂತೆ ಕಪ್ಪು ಚೌಕಗಳು, ಕಣ್ಣಿನ ಕೆಳಗಿಂದ ಬಾಯಿಯ ಅಂಚಿಗೆ ಇಳಿಯುವ ಎರಡು ಕಪ್ಪು ಗೆರೆ. ಒಂದು ನೀರಹಾವು ಕಪ್ಪೆ ಹಿಡಿದದ್ದನ್ನು ಹತ್ತಿರದಿಂದ ನೋಡುತ್ತಾ ಕೂತಿದ್ದೆ. ಹಿಂಗಾಲಿನಿಂದ ಹಿಡಿದಿತ್ತು. ಕಪ್ಪೆ ಗಾಳಿ ತುಂಬಿಕೊಂಡು ಚೆಂಡಿನಷ್ಟು ಉಬ್ಬಿ, ಮುಂಗಾಲನ್ನು ಕಲ್ಲಿನ ಸಂದಿಗೆ ಒತ್ತಿಹಿಡಿದಿತ್ತು. ಹಾವಿಗೆ ಆತುರವಿಲ್ಲ. ಬಲದವಡೆ ಒಂದಿಷ್ಟು ಮುಂದೆ, ಕಚ್ಚಿ ನಿಲ್ಲು, ಆಮೇಲೆ ಎಡದವಡೆ ಒಂದಿಷ್ಟು ಮುಂದೆ. ಒಳಮುಖವಾಗಿ ಬಾಗಿದ ಹಲ್ಲುಗಳು ಕಪ್ಪೆಯನ್ನು ಹಿಂದಕ್ಕೆ ಬಿಡುವುದಿಲ್ಲ. ನುಂಗುತ್ತಿರುವಾಗ ಬಾಯಿಯ ತಳದಲ್ಲಿ ಶ್ವಾಸನಾಳದ ತುದಿ ಸಣ್ಣ ಕೊಳವೆಯಂತೆ ಹೊರಗೆ ಚಾಚಿಕೊಂಡಿರುತ್ತದೆ. ಬಾಯಿ ತುಂಬಿದ್ದರೂ ಉಸಿರಾಟ ನಿಲ್ಲಬಾರದಲ್ಲ. ಆ ಕೊಳವೆ ಸ್ಪಷ್ಟವಾಗಿ ಕಾಣುವ ಚಿತ್ರ ಸಿಕ್ಕರೆ ಅದು ಪಾಠಪುಸ್ತಕಕ್ಕೆ ಹಾಕುವಂಥದು. ಕಪ್ಪೆ ಒಳಗೆ ಹೋದ ಮೇಲೆ ಹಾವು ಆಕಳಿಸುವಂತೆ ಬಾಯಿ ಅಗಲಿಸಿ ದವಡೆಗಳನ್ನು ಮತ್ತೆ ಜಾಗಕ್ಕೆ ಕೂರಿಸಿಕೊಳ್ಳುತ್ತದೆ. ಹಾವು ಹೆಡೆಯಂತೆ ಕತ್ತು ಅಗಲಿಸಿ ಬುಸುಗುಟ್ಟುವುದೂ ಉಂಟು. ನಾಗರಹಾವೆಂದು ತಿಳಿದು ಜನ ಹೊಡೆದು ಕೊಲ್ಲುವುದು ಅದಕ್ಕೇ. ವಿಷವಿಲ್ಲ, ಆದರೆ ಮುಂಗೋಪಿ. ಮುಟ್ಟಲು ಹೋದರೆ ಕಚ್ಚದೆ ಬಿಡುವುದಿಲ್ಲ.

ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ, ಪೊರೆ ಬಿಡುವ ಕಾಲ ಹತ್ತಿರವಾದಾಗ ಅದು ಹಾಲುನೀಲಿ ಬಣ್ಣಕ್ಕೆ ತಿರುಗುತ್ತದೆ. ಕುರುಡು ಹಾವು ಎಂದು ಜನ ಹೇಳುವುದು ಬಹುಪಾಲು ಇಂಥದ್ದನ್ನು ಕಂಡೇ. ನೀರಿನಲ್ಲಿರುವ ಹಾವು, ಆಮೆಗಳ ಚಿತ್ರಕ್ಕೆ ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ನೀರಿನ ಮೇಲಿನ ಹೊಳಪನ್ನು ಅದು ಕತ್ತರಿಸಿದಾಗ ಮಾತ್ರ ಒಳಗಿನ ಮೈ ಕಾಣುತ್ತದೆ.

ದೇವರಾಯಸಮುದ್ರದ ಸುತ್ತಿನ ಬಂಡೆಗಳಿಗೆ ಅವುಗಳದೇ ಒಂದು ಓತಿ ಇದೆ, ಬಂಡೆ ಓತಿ. ಹೆಣ್ಣು ಕಲ್ಲಿನದೇ ಬಣ್ಣ. ಕೂಡುವ ಕಾಲದ ಗಂಡು ಮಾತ್ರ ಬೆನ್ನ ಮೇಲೆ ಕೆಂಪು, ಪಕ್ಕಗಳಲ್ಲಿ ಕಪ್ಪು. ಈ ಬಣ್ಣ ನಿಂತ ಬಣ್ಣವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗಮನಿಸಿದಂತೆ, ಹೆಣ್ಣಿನ ಎದುರು ಕೆಂಪು-ಕಪ್ಪಾಗುವ ಗಂಡು ಇನ್ನೊಂದು ಗಂಡಿನ ಎದುರು ನಿಂತಾಗ ಬೆನ್ನು ಹಳದಿ, ಪಕ್ಕ ಕಿತ್ತಳೆ ಮಾಡಿಕೊಳ್ಳುತ್ತದೆ. ಎರಡನೆಯ ಬದಲಾವಣೆ ಹೆಚ್ಚು ವೇಗವಾಗಿ ಆಗುತ್ತದೆ. ಒಲಿಸಿಕೊಳ್ಳಲು ಎದ್ದು ಕಾಣಬೇಕು, ಎದುರಾಳಿಗೆ ಉತ್ತರ ತಡವಾಗಬಾರದು. ಒಂದೇ ಗಂಡಿನ ಎರಡು ಬಣ್ಣದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕೆಂದರೆ ದಿನವಿಡೀ ಒಂದೇ ಬಂಡೆಯ ಮುಂದೆ ಕೂರುವ ತಾಳ್ಮೆ ಬೇಕು.

ಈ ಬಂಡೆಗಳನ್ನು ಬರಿಯ ಜಲ್ಲಿ ಎಂದು ನೋಡುವವರೂ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಕಲ್ಲುಗಣಿಗಳು ಗುಡ್ಡಗಳನ್ನು ತಿನ್ನುತ್ತಿವೆ. ಹಕ್ಕಿಯೂ ಅಲ್ಲದ, ಸರೀಸೃಪವೂ ಅಲ್ಲದ ಒಂದು ಪ್ರಾಣಿಯ ಹೆಸರನ್ನು ಇಲ್ಲಿ ಹೇಳಲೇಬೇಕು. 1994ರಲ್ಲಿ ಹೊಸ ಜಾತಿಯೆಂದು ವಿಜ್ಞಾನಕ್ಕೆ ಪರಿಚಯವಾದ, ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ ಇಂದು ಉಳಿದಿರುವುದು ಇದೇ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ. ಇನ್ನೂರಕ್ಕೂ ಕಡಿಮೆ ಸಂಖ್ಯೆಯಲ್ಲಿರುವ ಇದು ಅಳಿವಿನ ತೀರಾ ಅಂಚಿಗೆ ಬಂದಿದೆ. ಅಲ್ಲಿಗೆ ಕ್ಯಾಮೆರಾ ಹಿಡಿದು ಯಾರೂ ಹೋಗಬಾರದು. ಗುಹೆಯೊಳಗಿನ ಒಂದು ಫ್ಲ್ಯಾಷ್ ಕೂಡ ಅವಕ್ಕೆ ಹೆಚ್ಚೇ.

ಉಡ ಕಂಡರೆ ಊರವರಿಗೆ ಹಳೆಯ ಕಥೆಗಳು ನೆನಪಾಗುತ್ತವೆ, ಕೆಲವರಿಗೆ ಸಾರು ನೆನಪಾಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿ ಇದಕ್ಕೆ ರಕ್ಷಣೆಯಿದೆ. ಹಿಡಿದರೆ ಜೈಲು. ಮನುಷ್ಯನನ್ನು ಕಂಡರೆ ಉಡ ಏರಿಯ ಇನ್ನೊಂದು ಮಗ್ಗುಲಿಗೆ ಜಾರುವುದರಿಂದ ಒಳ್ಳೆಯ ಚಿತ್ರ ಸಿಗುವುದು ಕಾರಿನ ಕಿಟಕಿಯಿಂದ. ಕಾರನ್ನು ಪ್ರಾಣಿಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಂಜಿನ್ ನಿಲ್ಲಿಸಿ, ಕಿಟಕಿಯ ಮೇಲೆ ಅವರೆಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸ್ ಇಟ್ಟರೆ ಟ್ರೈಪಾಡ್ ಬೇಡ. ಆಮೆಯ ಬಗೆ ಬೇರೆ. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆಗೆ ಹೊಟ್ಟೆಯ ಬದಿಯಲ್ಲಿ ಚರ್ಮದ ಮಡಿಕೆಗಳಿದ್ದು ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಕೆರೆ ಬತ್ತಿದರೆ ಅದು ಕೆಸರಿನ ಆಳಕ್ಕೆ ಹೂತುಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಬೇಸಿಗೆಯಲ್ಲಿ ಹೂಳೆತ್ತಲು ಬರುವ ಜೆಸಿಬಿಯ ಬಕೆಟ್ಟಿಗೆ ಆ ಆಮೆ ಕಾಣುವುದಿಲ್ಲ. ಹೂಳೆತ್ತುವುದು ಬೇಡವೆನ್ನಲಾಗದು. ಆದರೆ ಒಂದು ಮೂಲೆಯ ಹಳೆಯ ಕೆಸರನ್ನು ಮುಟ್ಟದೆ ಬಿಡುವುದಕ್ಕೆ ಹೆಚ್ಚು ಖರ್ಚೂ ಇಲ್ಲ.

ವಿಷದ ಹಾವುಗಳ ವಿಷಯದಲ್ಲಿ ಕುರಿ ಕಾಯುವವರ ಮಾತು ಕೇಳುವುದು ಎಲ್ಲಕ್ಕಿಂತ ಕ್ಷೇಮ. "ಸಾ, ಆ ಪೊದೆ ಪಕ್ಕ ಕೂತ್ಕೋಬೇಡಿ, ಮಂಡಲದಾವು ಐತೆ. ನಮ್ ಕುರಿ ಒಂದು ಹೋಯ್ತು ಅಲ್ಲೇ," ಎಂದು ಏರಿಯ ಮೇಲೆ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ಹೇಳಿದರು. "ಎಲ್ಲಿ ಯಜಮಾನ್ರೇ, ತೋರಿಸ್ತೀರಾ?" ಎಂದರೆ, "ತೋರ್ಸೋದೇನು, ಅದೇ ಹುಸ್ ಅಂತ ಕೂಗ್ತೈತೆ, ಕೇಳಿಸ್ಕೊಳ್ಳಿ" ಎಂದು ನಕ್ಕು ಕುರಿಗಳ ಹಿಂದೆ ಹೋದರು. ಮಾತು ನಿಜ. ಕೊಳಕುಮಂಡಲ ಪ್ರೆಷರ್ ಕುಕ್ಕರಿನಂತೆ ಸದ್ದು ಮಾಡಿ ಎಚ್ಚರಿಸುತ್ತದೆ, ಆದರೆ ಒಣಗಿದ ಎಲೆಗಳ ನಡುವೆ ಕಣ್ಣಿಗೆ ಕಾಣುವುದಿಲ್ಲ. ಸೋಮಾರಿಯಂತೆ ಬಿದ್ದಿರುತ್ತದೆ, ಎರಗುವಾಗ ಮಾತ್ರ ಕಣ್ಣೆವೆ ಇಕ್ಕುವಷ್ಟು ಹೊತ್ತು ಸಾಕು. ಹೆಬ್ಬಾವಿನ ಮರಿ ಎಂದು ತಿಳಿದು ಕೈಹಾಕಿದವರುಂಟು. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂಬುದು 2000ದಿಂದ 2019ರವರೆಗಿನ ಅಂದಾಜು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಕಟ್ಟು ಕಟ್ಟುವುದು, ಗಾಯ ಕೊಯ್ಯುವುದು, ಮಂತ್ರ ಹಾಕಿಸುವುದು ಬಿಟ್ಟು ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಹಾಗಾಗಿ ಕೆಸರಿನಲ್ಲಿ ಮಲಗಿ ಹಕ್ಕಿ ತೆಗೆಯಿರಿ ಎಂದವನೇ ಕಲ್ಲುಹಾಸಿನ ಮೇಲೆ ಮಲಗಬೇಡಿ ಎನ್ನುತ್ತೇನೆ. ಈಗಿನ ಕ್ಯಾಮೆರಾಗಳಿಗೆ ಮಡಚುವ ತೆರೆ ಇರುತ್ತದೆ. ಕ್ಯಾಮೆರಾವನ್ನು ಮೊನೊಪಾಡ್ ತುದಿಗೆ ಕಟ್ಟಿ ತಲೆಕೆಳಗಾಗಿ ಇಳಿಬಿಟ್ಟು, ನಿಂತೇ ತೆರೆ ನೋಡಿಕೊಂಡು ತೆಗೆದರೆ ಹಾವಿನ ಕಣ್ಣಿನ ಮಟ್ಟ ಸಿಗುತ್ತದೆ, ನಿಮ್ಮ ಮುಖ ಹಾವಿನ ಕಣ್ಣಿನ ಮಟ್ಟಕ್ಕೆ ಬರುವುದಿಲ್ಲ. ಹಾವನ್ನು ಕಡ್ಡಿಯಿಂದ ಎತ್ತಿ ಚೆಂದದ ಕಲ್ಲಿನ ಮೇಲಿಟ್ಟು ತೆಗೆದ ಚಿತ್ರಗಳು ಜಾಲತಾಣಗಳಲ್ಲಿ ಬೇಕಾದಷ್ಟಿವೆ. ಬೆದರಿ ಸುರುಳಿಕೊಂಡ ಹಾವನ್ನು ನೋಡಿ ಗೊತ್ತಿರುವವರಿಗೆ ಚಿತ್ರ ಹಾಗೆ ತೆಗೆದದ್ದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇನ್ನೊಂದು ಪ್ರಾಣಿಯ ವಿಷಯದಲ್ಲಿ ಅಪಾಯ ನಮ್ಮಿಂದ ಅದಕ್ಕೆ. ಕೋಲಾರ, ಚಿತ್ತೂರು, ಅನಂತಪುರ ಸೀಮೆಯ ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆಯಿದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳಿರುವ ಈ ಅಂದವೇ ಅದಕ್ಕೆ ಶತ್ರು. ಮನೆಯಲ್ಲಿ ಸಾಕುವ ಶೋಕಿಗೆ ದೇಶ ದೇಶಗಳಿಗೆ ಕಳ್ಳಸಾಗಣೆ ನಡೆಯುತ್ತದೆ. ಭಾರತದ ಒಂದೇ ಒಂದು ವ್ಯಾಪಾರ ಜಾಗದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿದು ಸಾಗಿಸಲಾಗುತ್ತಿದೆ ಎಂದು 2015ರ ಒಂದು ಅಧ್ಯಯನ ಹೇಳಿತು. 2019ರಲ್ಲಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ ಇದನ್ನು ವ್ಯಾಪಾರ ನಿಷಿದ್ಧ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನಿಮ್ಮ ಮೊಬೈಲ್ ತೆಗೆದ ಪ್ರತಿ ಚಿತ್ರದೊಳಗೂ ಅಕ್ಷಾಂಶ ರೇಖಾಂಶ ಅಡಗಿರಬಹುದು. ನಕ್ಷತ್ರ ಆಮೆಯ ಚಿತ್ರ ಹಂಚುವ ಮುನ್ನ ಲೊಕೇಶನ್ ಅಳಿಸಬೇಕು, ಊರಿನ ಹೆಸರೂ ಬೇಡ, ಗುರುತು ಹಿಡಿಯಬಹುದಾದ ಬೆಟ್ಟವೂ ಹಿನ್ನೆಲೆಯಲ್ಲಿ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಕೋಲಾರದಲ್ಲಿ ಚಿತ್ರ ಸಿಗುವುದು ಬಿಡುವುದು ನೀರಿನ ಕೈಯಲ್ಲಿದೆ, ನೀರು ಎಂದರೆ ಎಷ್ಟು ನೀರು ಎಂಬುದು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ತುಂಬಿಸುವ ಯೋಜನೆ. ಸ್ವಲ್ಪ ದಿನಕ್ಕೇ ನೊರೆ ಕಾಣಿಸಿಕೊಂಡು ವಿಷಯ ಕೋರ್ಟಿಗೂ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಒತ್ತಾಯ ಇಂದಿಗೂ ಇದೆ. 2021ರ ನವೆಂಬರ್‌ನಲ್ಲಿ ಮಳೆಯೇ ಬಂದು ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಕೆರೆ ತುಂಬಿದರೆ ರೈತರಿಗೆ ಸಂತೋಷ, ಕೊಳವೆಬಾವಿಗೂ ಜೀವ, ಹೆಜ್ಜಾರ್ಲೆಗೂ ಹಬ್ಬ. ಆದರೆ ನೀರು ಕೋಡಿಯ ಮಟ್ಟದಲ್ಲಿ ವರ್ಷವಿಡೀ ನಿಂತರೆ ಮುಚ್ಚಿಹೋಗುವುದು ನಾನು ಮೇಲೆ ಹೇಳಿದ ಕೆಸರಿನ ಅಂಚು. ಗೊರವಕ್ಕೆ ಮೇಯಲು ಜಾಗವಿಲ್ಲ, ಬೇಸಿಗೆಯಲ್ಲಿ ಒಣಗಿದ ಅಂಗಳದ ಮೇಲೆ ಮೊಟ್ಟೆಯಿಡುವ ಮೆಟ್ಟುಗಾಲು ಹಕ್ಕಿಗೂ ಜಾಗವಿಲ್ಲ. ಹಳೆಯ ಕೆರೆ ಮಳೆಗೆ ತುಂಬಿ, ಗದ್ದೆಗೆ ನೀರು ಬಿಟ್ಟಂತೆಲ್ಲ ಇಳಿದು, ಪ್ರತಿ ತಿಂಗಳೂ ಹೊಸ ಅಂಚನ್ನು ತೆರೆಯುತ್ತಿತ್ತು. ತುಂಬಿದ ಕೆರೆಯ ಫೋಟೋ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ, ಹಕ್ಕಿಯವರು ಮಾತ್ರ ಅರ್ಧ ಇಳಿದ ಕೆರೆಗೇ ಓಟು ಹಾಕುತ್ತಾರೆ.

ಮೀನು ಗುತ್ತಿಗೆಯ ಲೆಕ್ಕವನ್ನೂ ತಿಳಿದುಕೊಂಡಿರಬೇಕು. ಬಲೆ ಎಳೆಯುವ ದಿನ ಬಕ, ಗರುಡಗಳೆಲ್ಲ ಹರಿಗೋಲಿನ ಹಿಂದೆಯೇ ಇರುತ್ತವೆ. ಹತ್ತಿರದಿಂದ ಚಿತ್ರ ಬೇಕೆಂದರೆ ಮೀನುಗಾರರನ್ನು ಹಿಂದಿನ ಸಂಜೆಯೇ ಮಾತಾಡಿಸಿಡಿ. ಬಲೆಗೆ ನೀರುಕಾಗೆ ಸಿಕ್ಕಿದ್ದರೆ ಬಿಡಿಸುವುದೂ ಅವರಿಗೇ ಗೊತ್ತು.

ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಅವರ ಕಾಲದಲ್ಲಿ ರೀಲಿಗೆ 36 ಚಿತ್ರ. ಮೂಡಿಗೆರೆಯಲ್ಲಿ ಕೂತು ಹಕ್ಕಿಗಳನ್ನು ಹಿಂಬಾಲಿಸಿದ ಪೂರ್ಣಚಂದ್ರ ತೇಜಸ್ವಿಯವರಿಗೂ ಬಹುಕಾಲ ಅಷ್ಟೇ. ಗುಂಡಿ ಒತ್ತುವ ಮೊದಲು ಹಕ್ಕಿ ಮುಂದೇನು ಮಾಡುತ್ತದೆ ಎಂಬುದು ಗೊತ್ತಿರಲೇಬೇಕಿತ್ತು. ಈಗ ಸೆಕೆಂಡಿಗೆ 20 ಚಿತ್ರ ಬರುವುದರಿಂದ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅಂದಿನವರು ಗೂಡಿನ ಚಿತ್ರಕ್ಕೆ ಮರೆ ಕಟ್ಟಿ ಕೂರುತ್ತಿದ್ದದ್ದುಂಟು. ಆ ಪದ್ಧತಿಯನ್ನು ಇಂದು ಬಿಟ್ಟಿದ್ದೇ ಒಳ್ಳೆಯದಾಯಿತು. ಮೊಟ್ಟೆಯ ಮೇಲಿಂದ ಎದ್ದ ಟಿಟ್ಟಿಭ ವಾಪಸು ಬರುವಷ್ಟರಲ್ಲಿ ಕೋಲಾರದ ಬಿಸಿಲಿಗೆ ಮೊಟ್ಟೆ ಬೆಂದಿರುತ್ತದೆ. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ತೆಗೆದುಕೊಳ್ಳುವುದೇ ಇಲ್ಲ.

ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು 1939-40ರಲ್ಲಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತಿದೆ, ಫೆಬ್ರವರಿಯಲ್ಲಿ ಹಿತ್ತಿಲ ಹಕ್ಕಿ ಎಣಿಕೆ. ಇ-ಬರ್ಡ್ ಜಾಲತಾಣಕ್ಕೆ ಯಾರು ಬೇಕಾದರೂ ಪಟ್ಟಿ ಹಾಕಬಹುದು. ದೇವರಾಯಸಮುದ್ರಕ್ಕೋ ಪಕ್ಕದ ಇನ್ನಾವುದೋ ಕೆರೆಗೋ ಹೋದವರು ಒಳ್ಳೆಯ ಹತ್ತು ಚಿತ್ರಗಳ ಜೊತೆಗೆ ಕಂಡ ಹಕ್ಕಿಗಳೆಲ್ಲವನ್ನೂ, ಕಾಗೆ ಮೈನಾಗಳನ್ನೂ ಬಿಡದೆ, ಎಣಿಸಿ ಬರೆಯಲಿ. ತೂಬಿನ ಎಷ್ಟು ಕಲ್ಲು ನೀರಿನಿಂದ ಮೇಲಿತ್ತು ಎಂದೂ ಒಂದು ಸಾಲು ಸೇರಿಸಲಿ, ಬೇಕಿದ್ದರೆ ತೂಬಿನದೇ ಒಂದು ಫೋಟೋ. ಅದಕ್ಕೆ ಉದ್ದ ಲೆನ್ಸ್ ಬೇಡ, ಮೊಬೈಲ್ ಸಾಕು.